ಇಪ್ಪತ್ತಾರನೇ ಬೀದಿ

ನಾನು ಕೈಯಾರೆ ಜೋಡಿಸಿದ ಯಂತ್ರಗಳು. ಒಂದೊಂದು ತಿರುಪು ಬಿಗಿದದ್ದೂ ನಾನೇ, ಒಂದೊಂದು ವೈರಿಗೆ ಚೀಟಿ ಅಂಟಿಸಿದ್ದೂ ನಾನೇ. ಆದರೆ ಸ್ವಿಚ್ ಒತ್ತುವ ಹೊತ್ತು ಬಂದಾಗ ನನ್ನ ಅಣ್ಣ ನಾಚಿಮುತ್ತು ಹೆಗಲ ಮೇಲಿನ ಟವಲ್ಲು ಸರಿಮಾಡಿಕೊಂಡು, "ಪೂಂಗೊಡಿ, ನೀನೊಂಚೂರು ಒಳಗಿರಮ್ಮ" ಅಂದ. ಬಾಯಿತುಂಬ ಬೈಗುಳ ಬಂದಿತ್ತು, ನುಂಗಿಕೊಂಡೆ. ನೂಲಿನ ಗೋಡೌನಿನ ಬಾಗಿಲ ಹಿಂದೆ ಹೋಗಿ ನಿಂತೆ. ಅತ್ತಿಗೆ ಶಾರದಾಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾವ ಸ್ವಿಚ್ ಅಂತ ಗೊತ್ತಾಗದೆ ಮೊದಲು ಫ್ಯಾನ್ ಹಾಕಿ, ಆಮೇಲೆ ಸರಿಯಾದ್ದನ್ನು ಒತ್ತಿದಳು. ಕಂದವೇಲು ಜೋಯಿಸರು ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿದರು. ನಮ್ಮ ಬನಿಯನ್ ಕಂಪನಿಯ ಸ್ವಂತ ಕ್ಲೌಡು ಹುಟ್ಟಿದ್ದು ಹಾಗೆ.

ನನ್ನನ್ನು ಯಾಕೆ ಒಳಗೆ ಕಳಿಸಿದರು ಅಂತ ತಿರುಪ್ಪೂರಿನವರಿಗೆ ಹೇಳಬೇಕಾಗಿಲ್ಲ. ನಾನು ಹುಟ್ಟಿದ್ದು ಇಪ್ಪತ್ತಾರನೇ ತಾರೀಕು. ಎರಡೂ ಆರೂ ಕೂಡಿದರೆ ಎಂಟು. ಎಂಟು ಅಂದರೆ ಶನಿ. ಎಂಟು ಬರುವ ಕಾರಿನ ನಂಬರನ್ನು ಇಲ್ಲಿ ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟುವುದಿಲ್ಲ. ಅವಿನಾಶಿಗೆ ಹೋಗುವ ರಸ್ತೆಯಲ್ಲಿ ನನ್ನ ಗಂಡ ಲಾರಿಗೆ ಸಿಕ್ಕಿ ಹೋದಾಗ ಡ್ರೈವರು ಕುಡಿದಿದ್ದನೇ ಅಂತ ಯಾರೂ ಕೇಳಲಿಲ್ಲ, ನನ್ನ ತಾರೀಕು ಕೂಡಿಸಿ ನೋಡಿದರು. ಅಂದಿನಿಂದ ಅಣ್ಣನ ಕಂಪನಿಯಲ್ಲಿ ಕಂಪ್ಯೂಟರಿನ ಕೆಲಸವೆಲ್ಲ ನನ್ನದು, ಹೆಸರು ಮಾತ್ರ ಎಲ್ಲೂ ನನ್ನದಿಲ್ಲ.

ಈ ಸಲ ನಾನು ಹಟ ಹಿಡಿದಿದ್ದೆ. ಹೊರದೇಶದ ಗಿರಾಕಿಗಳು ತಮ್ಮ ಡಿಸೈನುಗಳು ಕಂಡವರ ಬಾಡಿಗೆ ಜಾಗದಲ್ಲಿ ಇರಬಾರದು, ನಮ್ಮದೇ ಕ್ಲೌಡಿನಲ್ಲಿ ಇರಬೇಕು ಅಂದಿದ್ದರು. ಕ್ಲೌಡ್ ಅಂದರೆ ಮೇಲೆಲ್ಲೋ ತೇಲುವುದಲ್ಲ; ಎ.ಸಿ. ಕೋಣೆಯಲ್ಲಿ ಮೂರು ದಪ್ಪ ಕಂಪ್ಯೂಟರುಗಳು ಸೇರಿ ಒಂದಾಗಿ ದುಡಿಯುವುದು, ಅಷ್ಟೇ. ಅದನ್ನು ಚೆನ್ನೈಗೆ ಜೋಡಿಸಬೇಕಿತ್ತು. ಅಲ್ಲಿ ನಮ್ಮ ತಮ್ಮ ಮರುದಾಚಲಂ ಗಿರಾಕಿಗಳನ್ನು ಕೂರಿಸಿಕೊಂಡು ಮಾದರಿ ತೋರಿಸುತ್ತಾನೆ. ಅವನದು ವರ್ಚುವಲ್ ನೆಟ್‌ವರ್ಕು. ಕಾಣುವುದು ಒಂದು ಸಣ್ಣ ಆಫೀಸು ಮಾತ್ರ, ಮಿಕ್ಕ ಮಷಿನ್ನು, ದಾರಿ, ಬಾಗಿಲು ಎಲ್ಲ ಬಾಡಿಗೆಗೆ ಹಿಡಿದದ್ದು, ಕಣ್ಣಿಗೆ ಬೀಳದ್ದು. ಎರಡೂ ಕಡೆ ಸೇರಿದರೆ ಹೊಸ ಡಿಸೈನ್ ವಿಭಾಗವನ್ನೇ ಬೇರೆ ಕಂಪನಿ ಮಾಡೋಣ ಅಂತ ಅಣ್ಣ ಅಂದಿದ್ದ.

"ಮಾಡಿದ್ರೆ ನನ್ನ ಹೆಸರಲ್ಲಿ ಮಾಡು. ಬೋರ್ಡ್ ಮೇಲೆ ಪೂಂಗೊಡಿ ಅಂತಿರ್ಬೇಕು" ಅಂದೆ.

ಅಣ್ಣ ಗೋಡೆ ನೋಡಿದ. "ಜೋಯಿಸ್ರು ಒಪ್ಪಬೇಕಲ್ಲಮ್ಮ."

"ಕೆಲಸ ಮಾಡೋದು ಜೋಯಿಸ್ರಾ?"

"ಮೊದ್ಲು ಜೋಡಿಸು. ಆಮೇಲೆ ನೋಡೋಣ. ಆಗ್ಲಿಲ್ಲ ಅಂದ್ರೆ ಆ ಕೋಣೆಗೆ ನೂಲಿನ ಮೂಟೆ ಹಾಕಿಸ್ತೀನಿ, ನೀನು ಅತ್ತಿಗೆ ಜೊತೆ ಮನೇಲಿ ಟಿ.ವಿ. ನೋಡ್ಕೊಂಡಿರು."

ಅತ್ತಿಗೆ ಜೊತೆ ಟಿ.ವಿ.! ಆ ಮಾತಿಗೇ ನಾನು ಪಣ ತೊಟ್ಟದ್ದು.

ಸ್ವಿಚ್ ಒತ್ತಿದ ಮಾರನೇ ದಿನ ನಾನೂ ಜೆಬಾಳೂ ಕುಳಿತು ಚೆನ್ನೈಗೆ ದಾರಿ ತೆರೆದೆವು. ಜೆಬಾ ತೂತ್ತುಕುಡಿಯವಳು, ನಮ್ಮ ಕಂಪನಿಯಲ್ಲಿ ಡಿಸೈನ್ ಬರೆಯುವವಳು, ಬಾಯಿ ಸ್ವಲ್ಪ ಜೋರು. ಪರದೆಯ ಮೇಲೆ ಹಸಿರು ದೀಪ ಬಂತು. ಆ ಕಡೆಯೂ ಹಸಿರು ಅಂತ ತಮ್ಮ ಫೋನಿನಲ್ಲಿ ಕುಣಿದ. ನಾನು ಸಂತೋಷಕ್ಕೆ ನಮ್ಮಿಬ್ಬರಿಗೂ ಬನ್ನು ಬೆಣ್ಣೆ ತರಿಸಿದೆ.

ಬನ್ನು ಇನ್ನೂ ಬಾಯಲ್ಲಿತ್ತು. ಚೆನ್ನೈಯ ಮಷಿನ್ನಿನ ನಂಬರು ಹೊಡೆದು ತೆರೆದರೆ ಪರದೆಯ ಮೇಲೆ ಬಂದದ್ದು ನಮ್ಮ ಗೇಟಿನ ಹಾಜರಿ ಯಂತ್ರ. ಬೆರಳು ಒತ್ತಿದವರ ಹೆಸರು, ತಡವಾಗಿ ಬಂದವರ ಹೆಸರು. ತಡವಾದವರಲ್ಲಿ ಮೊದಲ ಹೆಸರೇ ಜೆಬಾಳದು.

"ಅಕ್ಕಾ, ಚೆನ್ನೈಗೂ ನಾನು ಲೇಟ್ ಅಂತ ಗೊತ್ತಾಗೋಯ್ತಾ?" ಅಂದಳು.

"ಬಾಯ್ಮುಚ್ಚಿ ಬನ್ ತಿನ್ನು."

ನಂಬರು ತಪ್ಪು ಹೊಡೆದೆನೇನೋ ಅಂತ ಮತ್ತೆ ಹೊಡೆದೆ. ಮತ್ತೆ ಹಾಜರಿ ಯಂತ್ರ. ಎಲ್ಲ ಆರಿಸಿ ಮತ್ತೆ ಹಚ್ಚಿದೆ. ಹಸಿರು ದೀಪ ಬಂತು, ಹಾಜರಿ ಯಂತ್ರವೂ ಬಂತು. "ಇದ್ದೀಯಾ?" ಅಂತ ಕೂಗಿ ನೋಡುವ ಪರೀಕ್ಷೆಯೊಂದಿದೆ, ಆ ಕಡೆಯ ಮಷಿನ್ನು "ಇದ್ದೇನೆ" ಅಂತ ಉತ್ತರ ಕೊಡುತ್ತದೆ. ಕೂಗಿದೆ. ಠಣಾರನೆ ಉತ್ತರ ಬಂತು. ಇಷ್ಟು ಬೇಗ ಚೆನ್ನೈಯಿಂದ ಉತ್ತರ ಬರಲಾರದು ಅನ್ನುವ ಅನುಮಾನ ಮನಸ್ಸಿನ ಮೂಲೆಯಲ್ಲಿ ಎದ್ದಿತು, ಆದರೆ ಉತ್ತರ ಬಂತಲ್ಲ ಅನ್ನುವ ಖುಷಿಯಲ್ಲಿ ಅದನ್ನು ಒತ್ತಿ ಕೂರಿಸಿದೆ.

ಅಷ್ಟರಲ್ಲಿ ತಮ್ಮನ ಫೋನು. "ಅಕ್ಕ, ನಿನ್ನ ಕ್ಲೌಡ್ ತೆಗೆದೆ. ನಮ್ಮ ಆಫೀಸಿನ ಕಾಫಿ ಕೋಣೆ ಕಾಣಿಸ್ತಿದೆ."

"ಏನಂದೆ?"

"ಕಾಫಿ ಕೋಣೆ ಕಣಕ್ಕ! ಅಲ್ಲಿ ಒಂದು ಕ್ಯಾಮೆರಾ ಇಟ್ಟಿದೀನಲ್ಲ, ಅದು. ನಮ್ಮ ಮ್ಯಾನೇಜರ್ರು ಬಿಸ್ಕತ್ ಕದೀತಿದಾನೆ. ನೀನು ನಮ್ಮ ಕ್ಯಾಮೆರಾನ ಯಾಕೆ ನಿನ್ನ ಕ್ಲೌಡಿಗೆ ಹಾಕ್ಕೊಂಡೆ?"

"ನಾನ್ಯಾಕೋ ನಿನ್ನ ಕಾಫಿ ಕೋಣೆ ನೋಡ್ಲಿ? ನೀನು ನಮ್ಮ ಹಾಜರಿ ಯಂತ್ರ ಯಾಕೆ ಇಟ್ಕೊಂಡಿದೀಯ?"

"ನಾನೆಲ್ಲಿ ಇಟ್ಕೊಂಡೆ?"

ಹೀಗೆ ಇಬ್ಬರೂ ಅರಚಿದೆವು. ಅವನ ಕಡೆ ತಪ್ಪು ಅಂತ ನಾನು, ನನ್ನ ಕಡೆ ತಪ್ಪು ಅಂತ ಅವನು. ಕೊನೆಗೆ ನೋಡೇಬಿಡೋಣ ಅಂತ ಚೆನ್ನೈಯ ಪ್ರಿಂಟರಿನ ನಂಬರಿಗೆ ಒಂದು ಹಾಳೆ ಕಳಿಸಿದೆ. 'ಮರುದಾಚಲಂ, ನೀನು ಶತದಡ್ಡ' ಅಂತ ಬರೆದಿದ್ದೆ. ಸ್ವಲ್ಪ ಹೊತ್ತಿಗೆ ಪ್ಯಾಕಿಂಗಿನ ಮೇಸ್ತ್ರಿ ಆ ಹಾಳೆ ಹಿಡಿದುಕೊಂಡು ಬಂದು, "ಅಮ್ಮಾ, ಚಿಕ್ಕ ಯಜಮಾನ್ರಿಗೆ ಏನೋ ಬಂದಿದೆ, ನಮ್ ಪ್ರಿಂಟರಲ್ಲಿ" ಅಂತ ಕೊಟ್ಟು, ನಗು ತಡೆಯಲಾಗದೆ ಓಡಿದ.

ನನಗೆ ದಿಕ್ಕೇ ತೋಚಲಿಲ್ಲ. ಪುಸ್ತಕದಲ್ಲಿ ಬರೆದ ಹಾಗೆಯೇ ಮಾಡಿದ್ದೆ. ದಾರಿ ತೆರೆದಿದೆ ಅಂತ ಎರಡು ಕಡೆಯ ದೀಪವೂ ಹೇಳುತ್ತದೆ. ಆದರೂ ಇಲ್ಲಿಂದ ಹೊರಟದ್ದು ಇಲ್ಲಿಗೇ ಬರುತ್ತದೆ, ಅಲ್ಲಿಂದ ಹೊರಟದ್ದು ಅಲ್ಲಿಗೇ. ಊಟಕ್ಕೆ ಕೂತರೆ ತೊವ್ವೆ ಅನ್ನದ ಮೇಲೆ ತುಪ್ಪ ಬಿಡುವ ಬದಲು ಮಜ್ಜಿಗೆ ಬಿಟ್ಟುಕೊಂಡೆ. ಅತ್ತಿಗೆ ನೋಡಿ, "ಇವ್ಳಿಗೇನೋ ಆಗಿದೆ ಕಣ್ರೀ" ಅಂತ ಅಣ್ಣನಿಗೆ ಹೇಳಿದಳು.

ಅಣ್ಣ ಜೋಯಿಸರನ್ನು ಕರೆಸಿದ. ಅವರು ಬಂದು ಎ.ಸಿ. ಕೋಣೆಯಲ್ಲಿ ಕಣ್ಣು ಮುಚ್ಚಿ ನಿಂತು, ಯಂತ್ರ ದಕ್ಷಿಣಕ್ಕೆ ಮುಖ ಮಾಡಿದೆ, ತಿರುಗಿಸಿ ಅಂದರು. "ಯಂತ್ರಕ್ಕೆ ಮುಖ ಯಾವ ಕಡೆ ಜೋಯಿಸ್ರೇ? ವೈರ್ ಇರೋ ಕಡೆನಾ, ದೀಪ ಇರೋ ಕಡೆನಾ?" ಅಂತ ಕೇಳಿದೆ. ಅವರು ಅಣ್ಣನ ಮುಖ ನೋಡಿದರು. ಅಣ್ಣ ಕಣ್ಣಲ್ಲೇ ನನ್ನನ್ನು ಗದರಿಸಿದ. ಆಳುಗಳು ಸೇರಿ ಎಳೆದು ತಿರುಗಿಸುವಾಗ ಒಂದು ವೈರು ಕಿತ್ತುಬಂತು. ಹಾಜರಿ ಯಂತ್ರವೂ ಸತ್ತಿತು. ಸಂಜೆ ಪಾಳಿಯ ಹೆಂಗಸರೆಲ್ಲ ಗೇಟಿನಲ್ಲಿ ನಿಂತು, ನಮ್ಮ ಹಾಜರಿ ಎಲ್ಲಿ ಅಂತ ನನಗೆ ಹಿಡಿಶಾಪ ಹಾಕಿದರು.

ಮೂಲೆಯಲ್ಲಿ ಆಗಲೇ ಎರಡು ನೂಲಿನ ಮೂಟೆ ಬಂದು ಕೂತಿದ್ದವು. "ಸುಮ್ನೆ ಇಡಿಸಿದೀನಿ, ಮಳೆ ಬಂದ್ರೆ ನೆನೆಯತ್ತೆ" ಅಂದ ಅಣ್ಣ. ಬಿಸಿಲು ಸುಡುತ್ತಿತ್ತು. ನನಗೆ ಅಳುವೇ ಬಂತು. ಈ ಕೋಣೆ ಹೋದರೆ ನನಗೆ ಈ ಭೂಮಿಯ ಮೇಲೆ ನನ್ನದು ಅಂತ ಇನ್ನೇನಿದೆ ಅಂತ ಅನ್ನಿಸಿಬಿಟ್ಟಿತು.

ಮರುದಿನ ಕಿತ್ತ ವೈರು ಕೂರಿಸಿ ತಮ್ಮನಿಗೆ ಫೋನು ಮಾಡಿದೆ. ಜಗಳ ಬೇಡ, ನಿಧಾನವಾಗಿ ಮೊದಲಿನಿಂದ ನೋಡೋಣ ಅಂತ.

"ಸರಿ ಕಣೋ, ನಿನ್ನ ನೆಟ್‌ವರ್ಕಿನ ನಂಬರೆಲ್ಲ ಒಂದೊಂದಾಗಿ ಓದು."

"ಓದೋದೇನಕ್ಕ, ಎಲ್ಲಾ ಒಂಬತ್ತೇ."

"ಒಂಬತ್ತೇ ಅಂದ್ರೆ?"

"ಒಂಬತ್ತನೇ ಸಾಲು ಕಣಕ್ಕ. ಕಂದವೇಲು ಜೋಯಿಸ್ರು ಕೊಟ್ಟಿದ್ದು. ಕ್ಯಾಮೆರಾ, ಪ್ರಿಂಟರ್, ಮಷಿನ್ನು ಎಲ್ಲ ಒಂಬತ್ತರಲ್ಲೇ ಇಡು, ಏಳಿಗೆ ಅಂದ್ರು. ಇಟ್ಟ ತಿಂಗಳೇ ಈ ಗಿರಾಕಿ ಬಂದಿದ್ದು."

ನಾನು ಕುರ್ಚಿಯ ಮೇಲೆ ಹಾಗೇ ಕೂತುಬಿಟ್ಟೆ. ನಮ್ಮದೂ ಒಂಬತ್ತು. ಅಣ್ಣ ಮೊದಲ ಕಂಪ್ಯೂಟರ್ ತಂದಾಗಲೇ ಜೋಯಿಸರು ಕೊಟ್ಟ ಒಂಬತ್ತು. ಈ ನಂಬರುಗಳು ಅಂದರೆ ಬೀದಿ ಮತ್ತು ಮನೆಯ ನಂಬರಿದ್ದ ಹಾಗೆ. ನಮ್ಮೂರಲ್ಲೂ ಒಂಬತ್ತನೇ ಬೀದಿ, ಚೆನ್ನೈಯಲ್ಲೂ ಒಂಬತ್ತನೇ ಬೀದಿ, ಮನೆಯ ನಂಬರುಗಳೂ ಅವೇ. ಒಂಬತ್ತನೇ ಬೀದಿಗೆ ಅಂತ ಕಾಗದ ಕೊಟ್ಟರೆ ಟಪಾಲಿನವನು ಚೆನ್ನೈ ಬಸ್ಸು ಯಾಕೆ ಹತ್ತುತ್ತಾನೆ? ಇಲ್ಲಿನ ಒಂಬತ್ತನೇ ಬೀದಿಗೇ ಕೊಟ್ಟು ಬರುತ್ತಾನೆ. ದಾರಿ ತೆರೆದೇ ಇತ್ತು, ಅದರ ಮೇಲೆ ಒಬ್ಬನೂ ನಡೆದಿರಲಿಲ್ಲ.

"ಅಕ್ಕಾ, ಯಾಕೆ ನಗ್ತಿದೀರಾ?" ಅಂತ ಜೆಬಾ ಹೆದರಿಕೊಂಡು ಕೇಳಿದಳು. ನಾನು ನಗುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ಗಂಟು ಕಂಡಿತು, ಬಿಚ್ಚಲು ಬಿಡುವವರು ಯಾರು? ಯಾರಾದರೂ ಒಬ್ಬರು ನಂಬರು ಬದಲಾಯಿಸಬೇಕಿತ್ತು. ತಮ್ಮನನ್ನು ಕೇಳಿದರೆ, "ಅಯ್ಯಯ್ಯೋ, ಸೋಮವಾರ ಗಿರಾಕಿಗಳು ಇಲ್ಲಿ ಬಂದು ಕೂರ್ತಾರೆ, ಈಗ ಒಂಬತ್ತು ತೆಗೀತಾರೇನಕ್ಕ?" ಅಂದ. ಅಣ್ಣನನ್ನು ಕೇಳಿದೆ.

"ಈ ಕಂಪನಿ ನಿಂತಿರೋದೇ ಒಂಬತ್ತರ ಮೇಲೆ. ಬೇಕಾದ್ರೆ ಹದಿನೆಂಟು ಮಾಡ್ಕೋ. ಕೂಡಿದ್ರೆ ಅದೂ ಒಂಬತ್ತೇ" ಅಂದ.

"ಹದಿನೆಂಟು ತಮ್ಮನ ಲೆಕ್ಕಪತ್ರದ ಸಾಲು. ಅವನನ್ನೇ ಕೇಳಿದೀನಿ."

"ಇಪ್ಪತ್ತೇಳು?"

"ಅದ್ರಲ್ಲಿ ಗಿರಾಕಿಗಳ ಮಷಿನ್ನು ಇಟ್ಟಿದಾನೆ. ಒಂಬತ್ತು ಬರೋದನ್ನೆಲ್ಲಾ ಜೋಯಿಸ್ರು ಅವನಿಗೆ ಧಾರೆ ಎರೆದು ಕೊಟ್ಟಾಗಿದೆ. ನಾಳೆ ಅವನು ಇನ್ನೊಂದು ವಿಭಾಗ ತೆಗೆದ್ರೆ ಐದೋ ಆರೋ ಕೊಡ್ತಾರೆ. ಮತ್ತೆ ಡಿಕ್ಕಿ ಹೊಡೆಯತ್ತೆ."

"ಹಾಗಾದ್ರೆ ಜೋಯಿಸ್ರನ್ನ ಕೇಳಿ ಒಳ್ಳೇದೊಂದು ಹುಡುಕೋಣ. ಗಿರಾಕಿಗಳು ಬರೋದ್ರೊಳಗೆ ಹೇಳ್ತಾರೆ."

"ಗಿರಾಕಿಗಳು ಬರೋದು ಸೋಮವಾರ ಅಣ್ಣ!"

"ಹೇಳ್ತಾರೆ ಅಂದ್ನಲ್ಲ. ಕೂಗಾಡ್ಬೇಡ."

ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ತಲೆ ಚಿಟ್ಟು ಹಿಡಿದಿತ್ತು. ಯಾವ ನಂಬರು ಇಡಲಿ? ಒಂದು, ಮೂರು, ಐದು, ಆರು ಎಲ್ಲ ಈ ಊರಿನವರು ಮುಗಿಬಿದ್ದು ತೆಗೆದುಕೊಳ್ಳುವ ನಂಬರುಗಳು. ಇಂದು ಖಾಲಿ ಇದ್ದರೂ ನಾಳೆ ಯಾರೋ ಬಂದು ಕೂರುತ್ತಾರೆ. ನನಗೆ ಬೇಕಾಗಿದ್ದದ್ದು ಈ ಅಣ್ಣನಾಗಲಿ, ಆ ತಮ್ಮನಾಗಲಿ, ಅವರ ಜೋಯಿಸರಾಗಲಿ ಎಂದೆಂದಿಗೂ ಮುಟ್ಟದ ಒಂದು ಬೀದಿ. ಯಾರೂ ಮನೆ ಕಟ್ಟಲು ಬಾರದ ಬೀದಿ.

ಹಾಗೆ ಯೋಚಿಸುತ್ತ ಕೂತವಳಿಗೆ ಮೈ ಜುಮ್ಮೆಂದಿತು. ಅಂಥ ಬೀದಿ ಇತ್ತು. ನಾನು ಹುಟ್ಟಿದಾಗಿನಿಂದ ಅಲ್ಲೇ ವಾಸವಾಗಿದ್ದೆ.

"ಜೆಬಾ, ಭಾನುವಾರ ಚರ್ಚ್ ಮುಗಿಸ್ಕೊಂಡು ಬರ್ತೀಯಾ?" ಅಂದೆ.

"ಬಿರಿಯಾನಿ ಕೊಡಿಸ್ತೀರಾ?"

"ಕೊಡಿಸ್ತೀನಿ."

"ಹಾಗಾದ್ರೆ ಪ್ರಾರ್ಥನೆ ಅರ್ಧಕ್ಕೇ ಬಿಟ್ಟು ಬರ್ತೀನಿ ಬಿಡಿ."

ಭಾನುವಾರ ಕಂಪನಿಗೆ ರಜೆ. ನಾವಿಬ್ಬರೂ ಒಂದು ಕಡೆಯಿಂದ ಹಿಡಿದೆವು. ಕ್ಲೌಡಿನ ಮೂರು ಮಷಿನ್ನು, ಹಾಜರಿ ಯಂತ್ರ, ಪ್ಯಾಕಿಂಗಿನ ಪ್ರಿಂಟರು, ಬಣ್ಣದ ವಿಭಾಗದ ಕಂಪ್ಯೂಟರು, ಎಲ್ಲವನ್ನೂ ಒಂಬತ್ತನೇ ಬೀದಿಯಿಂದ ಎಬ್ಬಿಸಿ ಇಪ್ಪತ್ತಾರನೇ ಬೀದಿಗೆ ಸಾಗಿಸಿದೆವು. ಕೊನೆಗೆ ಉಳಿದದ್ದು ಅಣ್ಣನ ಮೇಜಿನ ಮೇಲಿನ ಕಂಪ್ಯೂಟರು. ಅದಕ್ಕೆ ಗಂಧ, ಕುಂಕುಮ, ಒಣಗಿದ ಮಲ್ಲಿಗೆ. ಅದರ ಮುಂದೆ ಕೂತು ಮಲ್ಲಿಗೆ ಸರಿಸಿದೆ, ಮತ್ತೆ ಅದರ ಜಾಗಕ್ಕೇ ಇಟ್ಟೆ. ಸುಳ್ಳು ಯಾಕೆ ಹೇಳಲಿ, ನಾನೂ ಇದೇ ಊರಿನವಳು. ಇವರು ಹೇಳಿದ್ದೇ ನಿಜವಾಗಿ, ನನ್ನ ನಂಬರು ತಗುಲಿ ಈ ಕಂಪನಿ ಮುಳುಗಿದರೆ?

"ಅಕ್ಕಾ, ನಾನು ಹೊಡೀಲಾ?" ಅಂತ ಜೆಬಾ ಮೆಲ್ಲಗೆ ಕೇಳಿದಳು.

"ಬೇಡ ಕಣೆ. ಇದನ್ನ ನಾನೇ ಹೊಡೀತೀನಿ."

ಎರಡು, ಆರು. ಹೊಡೆದೆ. ಆಮೇಲೆ ಚೆನ್ನೈಯ ಮಷಿನ್ನಿನ ನಂಬರು ಕೊಟ್ಟು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಹಾಜರಿ ಯಂತ್ರವಿಲ್ಲ. ಮರುದಾಚಲಂನ ಕಂಪನಿಯ ನವಿಲಿನ ಗುರುತು. ನಿಜವಾದ ಚೆನ್ನೈ. ನಾನೂ ಜೆಬಾಳೂ ತಬ್ಬಿಕೊಂಡು ಹುಚ್ಚರ ಹಾಗೆ ಕಿರುಚಿದೆವು, ವಾಚ್‌ಮನ್ ಕೋಲು ಹಿಡಿದು ಓಡಿಬಂದ.

ಸೋಮವಾರ ಎಲ್ಲರೂ ಕ್ಲೌಡಿನ ಕೋಣೆಯಲ್ಲಿ ಸೇರಿದರು. ಅಣ್ಣ ಹೊಸ ಪಂಚೆ ಉಟ್ಟಿದ್ದ. ಅತ್ತಿಗೆ ಮತ್ತೆ ಸ್ವಿಚ್ ಒತ್ತಬೇಕಾಗುತ್ತದೇನೋ ಅಂತ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಪರದೆಯಲ್ಲಿ ಚೆನ್ನೈಯ ಕೋಣೆ, ಮೇಜಿನ ಸುತ್ತ ಗಿರಾಕಿಗಳು, ನಡುವೆ ಟೈ ಕಟ್ಟಿಕೊಂಡ ತಮ್ಮ. ನಾನು ಇಲ್ಲಿಂದ ಒಂದೊಂದೇ ಡಿಸೈನ್ ತೆರೆದೆ. ನೀಲಿ ಪಟ್ಟೆಯದು, ಮಕ್ಕಳದು, ಎಲೆಹಸಿರು ಬಣ್ಣದ್ದು. ಅಲ್ಲಿ ಅವರು ತಲೆ ತೂಗಿದರು. ಒಬ್ಬಾಕೆ ಹೆಬ್ಬೆರಳು ಎತ್ತಿ ತೋರಿಸಿದಳು. ಆಮೇಲೆ ಅವರವರಲ್ಲೇ ಮಾತಿಗೆ ಕೂತರು, ತಮ್ಮನೂ ಅದರಲ್ಲಿ ಮುಳುಗಿದ.

ಅಣ್ಣನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನನ್ನ ಬೆನ್ನು ತಟ್ಟಿ, ಅಲ್ಲೇ ನಿಂತು ಜೋಯಿಸರಿಗೆ ಫೋನು ಹಚ್ಚಿದ. "ಜೋಯಿಸ್ರೇ, ಎಲ್ಲಾ ನಿಮ್ಮ ಆಶೀರ್ವಾದ!" ಅಂದ. ಆ ಕಡೆಯಿಂದ ಏನೋ ಕೇಳಿದರು. ಅಣ್ಣ ಫೋನಿಗೆ ಕೈ ಅಡ್ಡ ಇಟ್ಟು, "ಯಾವ ನಂಬರ್ ಇಟ್ಟೆ ಕೊನೆಗೆ? ಕೇಳ್ತಿದಾರೆ" ಅಂದ.

"ಇಪ್ಪತ್ತಾರು."

ಅವನ ತುಟಿ ಅಲುಗಾಡಿತು. ಕೂಡಿಸುತ್ತಿದ್ದಾನೆ ಅಂತ ಗೊತ್ತಾಯಿತು. ಮುಖದ ಬಣ್ಣ ಇಳಿಯಿತು.

"ಯಾವುದಕ್ಕೆ ಇಟ್ಟೆ?"

"ಎಲ್ಲದಕ್ಕೂ. ನಿನ್ನ ಮೇಜಿನ ಮೇಲಿನದಕ್ಕೂ."

ಅಣ್ಣ ಒಮ್ಮೆ ಪರದೆ ನೋಡಿದ, ಒಮ್ಮೆ ನನ್ನನ್ನು ನೋಡಿದ. ಫೋನಿನ ಮೇಲಿನ ಕೈ ತೆಗೆದು, "ಒಂಬತ್ತೇ ಜೋಯಿಸ್ರೇ, ಒಂಬತ್ತೇ" ಅಂದ.

ನನಗೆ ಕಾಲಿನಿಂದ ತಲೆಯವರೆಗೆ ಬೆಂಕಿ ಹತ್ತಿತು. ಇಷ್ಟು ವರ್ಷ ಕೆಟ್ಟದ್ದೆಲ್ಲ ನನ್ನ ಎಂಟಕ್ಕೆ ಬರೆದರು. ಒಳ್ಳೆಯದೊಂದು ಆದಾಗ ಅದು ಒಂಬತ್ತಕ್ಕಾ? ಅಣ್ಣನ ಕೈಯಿಂದ ಫೋನು ಕಿತ್ತುಕೊಂಡೆ.

"ಜೋಯಿಸ್ರೇ, ಒಂಬತ್ತಲ್ಲ. ಇಪ್ಪತ್ತಾರು. ನಾನು ಹುಟ್ಟಿದ ತಾರೀಕು. ನೀವು ಯಾರಿಗೂ ಕೊಡದೆ ನನಗೊಬ್ಬಳಿಗೇ ಅಂತ ಕಾದಿಟ್ಟಿದ್ರಲ್ಲ, ಅದಕ್ಕೇ ಖಾಲಿ ಇತ್ತು. ಉಪಕಾರವಾಯ್ತು!" ಅಂದು ಫೋನು ವಾಪಸ್ಸು ಕೊಟ್ಟೆ.

ಅಣ್ಣ ಮೆಲ್ಲಗೆ, "ಗಿರಾಕಿಗಳು ಎದ್ದುಹೋದ ಮೇಲೆ ಬದಲಾಯಿಸಿಬಿಡಮ್ಮ" ಅಂದ.

"ನೀನೇ ಬದಲಾಯಿಸ್ಕೋ. ಮತ್ತೆ ಚೆನ್ನೈ ಬದಲು ಹಾಜರಿ ಯಂತ್ರ ನೋಡ್ಕೊಂಡು ಕೂತಿರು."

ಅತ್ತಿಗೆ ಇಷ್ಟು ದಿನ ಈ ವಿಷಯಕ್ಕೆ ಬಾಯಿ ಹಾಕಿದವಳೇ ಅಲ್ಲ. ಈಗ ಸರ್ರನೆ ಬಂದಳು. "ಏನ್ರೀ, ಅದನ್ನ ಮುಟ್ಟಿದ್ರೆ ಸರಿ ಇರಲ್ಲ ನೋಡಿ. ನಾನು ಒತ್ತಿದ ದಿನದಿಂದ ನಿಮ್ ಮುಖ ಗಂಟು, ಇವ್ಳು ಅನ್ನಕ್ಕೆ ಮಜ್ಜಿಗೆ. ನಿನ್ನೆ ಇವ್ಳೇ ಒತ್ತಿದಾಳೆ, ಇವತ್ತು ಕೆಲಸ ಮಾಡ್ತಿದೆ. ಇನ್ನೇನು ಬೇಕು ನಿಮ್ಗೆ?"

ಅಣ್ಣ ಮೂಲೆಯ ನೂಲಿನ ಮೂಟೆಯ ಮೇಲೆ ಕೂತ. ಏನೂ ತೋಚದವನ ಹಾಗೆ ಟವಲ್ಲಿನಿಂದ ಒಣಗಿದ ಹಣೆಯನ್ನೇ ಒರೆಸಿಕೊಂಡ. ಅಷ್ಟು ಗಟ್ಟಿ ಮನುಷ್ಯ ಹಾಗೆ ಕೂತದ್ದು ನೋಡಿ ನನಗೆ ಅಯ್ಯೋ ಅನ್ನಿಸಿತು, ಆದರೂ ಕೋಪ ಆರಲಿಲ್ಲ.

ಪರದೆಯಿಂದ ತಮ್ಮನ ದನಿ ಬಂತು. "ಅಣ್ಣಾ, ಇವರು ಒಪ್ಪಿದಾರೆ. ಆರ್ಡರ್ ಡಿಸೈನ್ ಕಂಪನಿ ಹೆಸರಲ್ಲಿ ಬರೀತಾರಂತೆ. ಹೆಸರೇನು ಅಂತ ಕೇಳ್ತಿದಾರೆ. ಅತ್ತಿಗೆ ಹೆಸರಲ್ಲೇ ತಾನೇ, ಶಾರದಾಮಣಿ ಅಂತ ಬರೆಸ್ಲಾ?"

ಮೂಟೆಯ ಮೇಲಿಂದ ಅಣ್ಣ ಎದ್ದ.

"ಪೂಂಗೊಡಿ ಡಿಸೈನ್ಸ್ ಅಂತ ಬರೆಸು."

"ಪೂಂಗೊಡಿನಾ?" ತಮ್ಮನಿಗೆ ಗೊಂದಲ. "ಅಕ್ಕನ ಹೆಸರು ಕೂಡಿದ್ರೆ ಏನು ಬರತ್ತೆ ಅಂತ ಜೋಯಿಸ್ರನ್ನ ಒಂದು ಮಾತು ಕೇಳಿ—"

"ಕೂಡಬೇಡ್ವೋ! ಹೇಳಿದ್ದನ್ನ ಹೇಳಿದ ಹಾಗೆ ಬರೆಸು" ಅಂತ ಅಣ್ಣ ಗದರಿದ.

ಗಿರಾಕಿಗಳು ಈ ಪೂಂಗೊಡಿ ಯಾರು, ನೋಡಬೇಕು ಅಂದರಂತೆ. ಅಣ್ಣ ಕ್ಯಾಮೆರಾ ತಿರುಗಿಸಿ ಸುತ್ತ ನೋಡಿದ. ಹೆಸರು ಕೇಳಿದ ತಕ್ಷಣ ನನಗೆ ಗೊತ್ತಿಲ್ಲದೆಯೇ ಕಾಲು ನನ್ನನ್ನು ಗೋಡೌನಿನ ಬಾಗಿಲ ಹಿಂದಕ್ಕೆ ಕರೆದುಕೊಂಡು ಹೋಗಿತ್ತು. ಶುಭದ ಹೊತ್ತಿಗೆ ನಾನು ನಿಲ್ಲುವ ಜಾಗ ಅದೇ ತಾನೇ? ಅಣ್ಣ ಬಂದು ಬಾಗಿಲು ಸರಿಸಿದ. ಬಾಯಿಗೆ ಸೆರಗು ಹಿಡಿದು ನಿಂತಿದ್ದ ನನ್ನ ಕೈ ಹಿಡಿದುಕೊಂಡ.

"ಅಲ್ಲೇನಮ್ಮ ಮಾಡ್ತಿದೀಯಾ? ಈಚೆ ಬಾ. ನಿನ್ನನ್ನೇ ಕೇಳ್ತಿದಾರೆ."